ಬಿಎಸ್ಸಿ ಜೊತೆ ತತ್ವಶಾಸ್ತ್ರ ಓದಬಹುದಾ? (36.2 ಅನ್ನು 35.9 ಮಾಡಿದವನ ಪ್ರಶ್ನೆ)

ಕುಮದ್ವತಿ ದಂಡೆ:
ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯವನು, ಹಿರೇಕೆರೂರು ಕಡೆ. ಧಾರವಾಡದಲ್ಲಿ ಬಿಎಸ್ಸಿ ಮೊದಲ ವರ್ಷ, ಫಿಸಿಕ್ಸ್ ಮ್ಯಾಥ್ಸ್ ಇದೆ. ಕಾಲೇಜಿನ ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹೋದ ತಿಂಗಳು ಪೆಂಡುಲಮ್ ಪ್ರಾಕ್ಟಿಕಲ್ ಇತ್ತು. ದಾರಕ್ಕೆ ಹಿತ್ತಾಳೆ ಗುಂಡು ಕಟ್ಟಿ ತೂಗಬಿಟ್ಟು, 20 ಸಲ ಹೋಗಿ ಬರೋಕೆ ಎಷ್ಟು ಸೆಕೆಂಡು ಬೇಕು ನೋಡಿ, ಅದರಿಂದ ಜಿ ಬೆಲೆ, ಅಂದರೆ ಭೂಮಿ ಎಷ್ಟು ಜೋರಾಗಿ ಎಳೆಯುತ್ತದೆ ಅನ್ನೋದನ್ನ, ತೆಗೆಯೋದು. ಪಿಯುಸಿಯಲ್ಲೂ ಮಾಡಿದ್ದೇ. 80 ಸೆಂಟಿಮೀಟರ್ ದಾರಕ್ಕೆ ನನಗೆ 36.2 ಸೆಕೆಂಡು ಬಂತು. ಲೆಕ್ಕ ಹಾಕಿದರೆ ಜಿ 964. ಬರಬೇಕಾದ್ದು 980. ಪಕ್ಕದವನು "ಸೆಕೆಂಡು ಸ್ವಲ್ಪ ಕಡಿಮೆ ಮಾಡಲೇ" ಅಂದ. ನಾನು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬಂದು 35.9 ಅಂತ ಬರೆದೆ. ಜಿ ಸರಿಯಾಗಿ 980 ಬಂತು. ಜರ್ನಲ್‌ಗೆ ಸಹಿ ಬಿತ್ತು, 10ಕ್ಕೆ 9. ಎಲ್ಲರೂ ಹಾಗೇ ಮಾಡುತ್ತಾರೆ, ನಾನೇನು ಹೊಸದಾಗಿ ಕಂಡುಹಿಡಿದದ್ದಲ್ಲ.

ನನ್ನ ಖೋಲಿಯಲ್ಲಿ ಇರುವವನು ಬಿಎ, ಅವನಿಗೆ ತತ್ವಶಾಸ್ತ್ರ ಒಂದು ವಿಷಯ. ರಾತ್ರಿ ಊಟ ಮಾಡುವಾಗ ಇದನ್ನ ನಗುತ್ತಾ ಹೇಳಿದೆ. ಅವನು ರೊಟ್ಟಿ ಮುರಿಯುತ್ತಾ ಕೇಳಿದ: "980 ಅಂತ ಮೊದಲೇ ಗೊತ್ತಿದ್ದರೆ ಗುಂಡು ಯಾಕೆ ತೂಗಾಡಿಸಿದಿ?" ಆವಾಗ ನಕ್ಕೆ. ಆಮೇಲೆ ನಿದ್ದೆ ಬರಲಿಲ್ಲ. ನಿಜ ಹೇಳಬೇಕು ಅಂದರೆ ಸಾಯನ್ಸ್ ಯಾಕೆ ತಗೊಂಡೆ ಅಂತ ನನ್ನನ್ನು ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ.

ಅವತ್ತಿನಿಂದ ಅವನ ನೋಟ್ಸ್ ಓದುತ್ತಾ ಇದ್ದೇನೆ. ಎರಡು ಸಲ ಅವನ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಬಂದೆ, ಅಲ್ಲಿಯ ಸರ್ ಬೇಡ ಅನ್ನಲಿಲ್ಲ. ಎರಡನ್ನೂ ಓದಬೇಕು ಅನಿಸುತ್ತಿದೆ. ನಮ್ಮ ಕಾಲೇಜಿನಲ್ಲಿ ಅಂಥ ಕಾಂಬಿನೇಶನ್ ಇಲ್ಲ. ಅಪ್ಪನಿಗೆ ಫೋನಿನಲ್ಲಿ ಹೇಳಿದರೆ "ಮೊದಲು ಒಂದನ್ನ ನೆಟ್ಟಗೆ ಮುಗಿಸು" ಅಂದರು. ಗೋವಿನಜೋಳದ ರೇಟು ಬಿದ್ದಿದೆ, ಅವರ ತಲೆಬಿಸಿ ಅವರಿಗೆ. ಯಾರಾದರೂ ಹೀಗೆ ಓದಿದವರು ಇದ್ದೀರಾ?

ಮಂಡಕ್ಕಿ ಮಿರ್ಚಿ:
964ಕ್ಕೆ ಇಷ್ಟು ಚಿಂತೆನಾ? ನನಗೆ 1084 ಬಂದಿತ್ತು. ನಮ್ಮ ಲ್ಯಾಬಿನಲ್ಲಿ ಭೂಮಿ ಸ್ವಲ್ಪ ಜೋರಾಗಿ ಎಳೆಯುತ್ತಿತ್ತು.

ಸಪ್ತಾಪುರ ಖೋಲಿ:
ನಾನು ಬಿಎಸ್ಸಿ ಮುಗಿಸಿ ಇಲ್ಲೇ ಸಪ್ತಾಪುರದಲ್ಲಿ ಯುಪಿಎಸ್‌ಸಿಗೆ ಓದುತ್ತಾ ಇರುವವನು. ಐಚ್ಛಿಕ ವಿಷಯ ತತ್ವಶಾಸ್ತ್ರವೇ. 250 ಅಂಕದ ಎರಡು ಪೇಪರ್. ಸಿಲಬಸ್ ಸಣ್ಣದು ಅಂತ ತುಂಬ ಜನ ಹಿಡಿಯುತ್ತಾರೆ, ನಾನೂ ಅದಕ್ಕೇ ಹಿಡಿದೆ.

ಒಂದು ಮಾತು ಹೇಳ್ತೇನೆ ತಮ್ಮಾ. ಶಂಕರರ ಮಾಯೆ ಬಗ್ಗೆ 150 ಪದದಲ್ಲಿ ಬರಿ ಅಂದರೆ ನಿದ್ದೆಗಣ್ಣಿನಲ್ಲೂ ಬರೀತೇನೆ, ಕಾಂಟ್ ಬಗ್ಗೆ ಬರಿ ಅಂದರೂ ಬರೀತೇನೆ. ಆದರೆ ಅದರಿಂದ ಒಂದು ರಾತ್ರಿಯೂ ನಿದ್ದೆ ಕೆಟ್ಟಿಲ್ಲ ನನಗೆ. ನಿನಗೆ ಕೆಟ್ಟಿದೆ. ಪರೀಕ್ಷೆಗೆ ಉಪಯೋಗ ಆಗುತ್ತೆ ಅಂತ ಮಾತ್ರ ಈ ಕಡೆ ಬರಬೇಡ, ಅದಕ್ಕೆ ಝೆರಾಕ್ಸ್ ಅಂಗಡಿಯಲ್ಲಿ ನೋಟ್ಸ್ ಸಿಗುತ್ತವೆ.

ಚಿಗರಿ ಪಾಸ್:
ತಮ್ಮಾ, ನಾನು ಎರಡೂ ಮಾಡಿದವಳು. ಹುಬ್ಬಳ್ಳಿಯಲ್ಲಿ ಬಿಎಸ್ಸಿ, ಜೊತೆಗೆ ಇಗ್ನೋ ಅನ್ನುವ ದೂರಶಿಕ್ಷಣದ ವಿವಿಯಲ್ಲಿ ಬಿಎ ತತ್ವಶಾಸ್ತ್ರ. ಮೊದಲು ಕಾನೂನಿನ ಮಾತು. 2022ರ ಏಪ್ರಿಲ್‌ನಲ್ಲಿ ಯುಜಿಸಿ ಒಪ್ಪಿಗೆ ಕೊಟ್ಟಿತು. ಒಂದು ಡಿಗ್ರಿ ಕಾಲೇಜಿಗೆ ಹೋಗಿ, ಇನ್ನೊಂದು ದೂರಶಿಕ್ಷಣದಲ್ಲಿ ಅಥವಾ ಆನ್‌ಲೈನ್‌ನಲ್ಲಿ ಮಾಡಬಹುದು. ಎರಡನ್ನೂ ಕಾಲೇಜಿಗೆ ಹೋಗಿಯೇ ಮಾಡಬಹುದು, ಕ್ಲಾಸಿನ ಹೊತ್ತು ಒಂದರ ಮೇಲೊಂದು ಬೀಳಬಾರದು ಅಷ್ಟೇ. ದೂರಶಿಕ್ಷಣ ಆದರೆ ಯುಜಿಸಿ ಮಾನ್ಯತೆ ಇರುವ ವಿವಿಯೇ ಆಗಬೇಕು, ಗಲ್ಲಿಗೊಂದು ಬೋರ್ಡ್ ಹಾಕಿ ಕೂತವರ ಹತ್ತಿರ ದುಡ್ಡು ಕಟ್ಟಬೇಡ. ನಿನ್ನ ಕಾಲೇಜಿನ ಆಫೀಸಿನಲ್ಲೂ ಮೊದಲೇ ಕೇಳಿಕೋ. ನಮ್ಮಲ್ಲಿ ಕ್ಲರ್ಕ್‌ಗೆ ಈ ನಿಯಮವೇ ಗೊತ್ತಿರಲಿಲ್ಲ, ನಾನೇ ಪ್ರಿಂಟ್ ತೆಗೆದುಕೊಂಡು ಹೋಗಿ ತೋರಿಸಬೇಕಾಯಿತು.

ಈಗ ಬದುಕಿನ ಮಾತು. ಇಗ್ನೋ ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ನಮ್ಮ ಸೆಮಿಸ್ಟರ್ ಪರೀಕ್ಷೆ ಯಾವಾಗ ಅಂತ ದೇವರಿಗೇ ಗೊತ್ತು, ಮುಂದೆ ಹೋಗಿ ಹೋಗಿ ಸರಿಯಾಗಿ ಅದರ ಮೇಲೇ ಬಂದು ಕೂರುತ್ತದೆ. ಒಂದು ಸಲ ಬೆಳಗ್ಗೆ ಹುಬ್ಬಳ್ಳಿಯಲ್ಲಿ ಕೆಮಿಸ್ಟ್ರಿ ಪ್ರಾಕ್ಟಿಕಲ್ ಮುಗಿಸಿ, ಕೈಯಲ್ಲಿ ಆಸಿಡ್ ವಾಸನೆ ಇರುವಾಗಲೇ ಚಿಗರಿ ಬಸ್ ಹತ್ತಿ, ಧಾರವಾಡಕ್ಕೆ ಬಂದು ಮಧ್ಯಾಹ್ನ ನೀತಿಶಾಸ್ತ್ರದ ಪೇಪರ್ ಬರೆದೆ. ನಿಂತುಕೊಂಡೇ ಬಂದೆ, ಸೀಟೂ ಸಿಗಲಿಲ್ಲ. ಎರಡು ಪೇಪರ್ ಬಿಟ್ಟೇ ಹೋದವು. ಬಿಎ ಮುಗಿಯೋಕೆ ಒಂದು ವರ್ಷ ಜಾಸ್ತಿ ಆಯಿತು. ಪುಸ್ತಕಗಳು ಇಂಗ್ಲಿಷ್‌ನಲ್ಲಿ, ಕನ್ನಡ ಮಾಧ್ಯಮದಿಂದ ಬಂದವಳಿಗೆ ಮೊದಲ ಆರು ತಿಂಗಳು ಡಿಕ್ಷನರಿಯೇ ಗುರು.

ಮತ್ತೆ ನಾಚಿಕೆ ಬಿಟ್ಟು ಒಂದು ಹೇಳ್ತೇನೆ. ಟೈಮ್ ಇಲ್ಲ ಅಂತ ಒಂದು ಅಸೈನ್‌ಮೆಂಟ್ ನೆಟ್‌ನಿಂದ ನೋಡಿ ಇಳಿಸಿದೆ. ಪ್ರಶ್ನೆ ಏನು ಗೊತ್ತಾ? ಸತ್ಯ ಅಂದರೇನು ಅಂತ. ನಿನ್ನ 35.9 ಇದೆಯಲ್ಲ, ಅದು ನನ್ನ ಹತ್ತಿರವೂ ಒಂದಿದೆ.

ದುರ್ಗದ ಬೈಲ್:
ನಿಮ್ಮ ಅಪ್ಪನ ಕಡೆಯಿಂದ ಯಾರಾದರೂ ಮಾತಾಡಬೇಕಲ್ಲ, ಅದಕ್ಕೆ ಬಂದೆ. ನನ್ನ ಮಗಳೂ ಬಿಎಸ್ಸಿ. ಹಳ್ಳಿಯಿಂದ ಬಂದ ಹುಡುಗರು ಡಿಗ್ರಿ ಆದ ಮೇಲೆ ಬಿಎಡ್ ಮಾಡಿ ಹೈಸ್ಕೂಲ್ ಮಾಸ್ತರ ಆಗೋದು ಒಂದು ನೆಟ್ಟಗಿನ ದಾರಿ. ಅಲ್ಲಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್), ಸಿಬಿಜೆಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ) ಅಂತ ವಿಷಯ ನೋಡುತ್ತಾರೆ. ತತ್ವಶಾಸ್ತ್ರದ ಆಸೆಗೆ ಈ ಮೂರರಲ್ಲಿ ಒಂದನ್ನ ಬಿಟ್ಟರೆ ಆಮೇಲೆ ಅರ್ಜಿ ಹಾಕುವಾಗ ಅಳಬೇಕಾಗುತ್ತದೆ. ಜೊತೆಗೆ ಓದು, ಬೇಡ ಅನ್ನೋದಿಲ್ಲ. ಬದಲಿಗೆ ಓದಬೇಡ. ನಿಮ್ಮ ಅಪ್ಪ ಬೈದದ್ದಲ್ಲ ತಮ್ಮಾ, ಹೆದರಿದ್ದಾರೆ.

ಕಣಾದನ ಮೊಮ್ಮಗ:
ಇಷ್ಟೆಲ್ಲ ಯಾಕೆ ಬೇಕು? ನಮ್ಮ ದರ್ಶನಗಳನ್ನು ಓದಿದರೆ ಸಾಯನ್ಸ್ ತಾನಾಗಿ ಬರುತ್ತದೆ. ಅಣು ಅಂತ ವೈಶೇಷಿಕ ದರ್ಶನದ ಋಷಿ ಕಣಾದ ಆವಾಗಲೇ ಹೇಳಿದ್ದ. ಇಂಗ್ಲೆಂಡಿನ ಡಾಲ್ಟನ್ ಬಂದದ್ದು ಎಷ್ಟು ಶತಮಾನದ ಮೇಲೆ? ನಮ್ಮವರು ಎಲ್ಲ ಹೇಳಿ ಇಟ್ಟಿದ್ದಾರೆ, ನಾವು ಓದೋದಿಲ್ಲ ಅಷ್ಟೇ.

ಕೆಲಗೇರಿ ಕೆರೆ:
ನಾನು ಬಿಎಸ್ಸಿ ಆದಮೇಲೆ ತತ್ವಶಾಸ್ತ್ರದಲ್ಲಿ ಎಂಎ ಮಾಡಿದೆ, ಈಗ ಸಂಶೋಧನೆ. ಅಣ್ಣಾ, ಕಣಾದನನ್ನು ಹೊಗಳುವ ಮೊದಲು ಅವನು ಏನು ಹೇಳಿದ ಅಂತ ನೋಡಿ. ವೈಶೇಷಿಕರಲ್ಲಿ ಪರಮಾಣು ನಾಲ್ಕು ಬಗೆ: ಮಣ್ಣು, ನೀರು, ಬೆಂಕಿ, ಗಾಳಿ. ಎರಡು ಪರಮಾಣು ಸೇರಿ ದ್ವ್ಯಣುಕ, ಮೂರು ದ್ವ್ಯಣುಕ ಸೇರಿ ತ್ರ್ಯಣುಕ. ಕಿಟಕಿಯ ಬಿಸಿಲಿನಲ್ಲಿ ತೇಲುವ ಧೂಳಿನ ಕಣ ಇದೆಯಲ್ಲ, ಕಣ್ಣಿಗೆ ಕಾಣುವ ಅತಿ ಸಣ್ಣದು, ಅದೇ ತ್ರ್ಯಣುಕ ಅಂದರು. ಒಡೆಯುತ್ತಾ ಹೋದರೆ ಎಲ್ಲೋ ನಿಲ್ಲಲೇಬೇಕು, ಇಲ್ಲದಿದ್ದರೆ ಸಾಸಿವೆ ಕಾಳಿಗೂ ಬೆಟ್ಟಕ್ಕೂ ವ್ಯತ್ಯಾಸ ಹೇಗೆ ಅಂತ ವಾದ. ನನಗೆ ಆ ವಾದ ತುಂಬ ಇಷ್ಟ. ಆದರೆ ಡಾಲ್ಟನ್‌ನ ಅಣು ನಿಂತದ್ದು ತಕ್ಕಡಿಯ ಮೇಲೆ. ಇಷ್ಟು ತೂಕದ ಇದು ಇಷ್ಟು ತೂಕದ ಅದರ ಜೊತೆ ಮಾತ್ರ ಯಾಕೆ ಸೇರುತ್ತದೆ ಅನ್ನೋದಕ್ಕೆ ಅದು ಉತ್ತರ. ಎರಡಕ್ಕೂ ಅಣು ಅಂತ ಹೆಸರಿಟ್ಟ ಮಾತ್ರಕ್ಕೆ ಒಂದೇ ಆಗೋದಿಲ್ಲ. ಇಬ್ಬರನ್ನೂ ಓದಿದವರಿಗೆ ಇದು ಬೇಗ ತಿಳಿಯುತ್ತೆ, ಒಬ್ಬರನ್ನೂ ಓದದವರು ಜಗಳ ಆಡುತ್ತಾರೆ.

ಈಗ ತಮ್ಮನಿಗೆ. ನಮ್ಮ ಕಡೆ "ಅನುಮಾನ" ಅಂದರೆ ಸಂಶಯ, ಅವನ ಮೇಲೆ ನನಗೆ ಅನುಮಾನ ಅಂತೀವಿ. ತರ್ಕದ ಬಗ್ಗೆ ಹೇಳುವ ನ್ಯಾಯದರ್ಶನದಲ್ಲಿ ಅನುಮಾನ ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ದಾರಿ. ಗುಡ್ಡದ ಮೇಲೆ ಹೊಗೆ ಕಾಣುತ್ತೆ, ಆದ್ದರಿಂದ ಬೆಂಕಿ ಇದೆ, ಅಡುಗೆಮನೆಯಲ್ಲಿ ನೋಡಿದ್ದೇವಲ್ಲ ಹಾಗೆ. ಇದನ್ನ ತಿರುಗಿಸಿ ನೋಡು. ಬೆಂಕಿ ಇದೆ, ಆದ್ದರಿಂದ ಹೊಗೆ ಇದೆ ಅನ್ನಬಹುದಾ? ಆಗೋದಿಲ್ಲ. ಕಮ್ಮಾರನ ಕುಲುಮೆಯಿಂದ ತೆಗೆದ ಕೆಂಪಗಿನ ಕುಡುಗೋಲಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರೋಕೆ ಹಸಿ ಕಟ್ಟಿಗೆ ಬೇಕು. ಮಾತಿನಲ್ಲಿ ಬಾರದೆ ಒಳಗೆ ಅಡಗಿ ಕೂತ ಇಂಥ ಷರತ್ತಿಗೆ ಅವರು "ಉಪಾಧಿ" ಅಂತ ಹೆಸರಿಟ್ಟರು.

ನಿಮ್ಮ ಲ್ಯಾಬಿಗೆ ಬಾ. ಒಂದೇ ದಾರ ಇಟ್ಟುಕೊಂಡು ಸಣ್ಣ ಗುಂಡು ತೆಗೆದು ದೊಡ್ಡ ಗುಂಡು ಕಟ್ಟಿದರೆ ತೂಗಾಟ ಸ್ವಲ್ಪ ನಿಧಾನ ಆಗುತ್ತೆ. ಹಾಗಾದರೆ ಭಾರ ಜಾಸ್ತಿ ಆದ್ದರಿಂದ ನಿಧಾನ ಅಂತ ಬರೆಯಬಹುದಾ? ಅಲ್ಲಿ ಹಸಿ ಕಟ್ಟಿಗೆ ಯಾವುದು, ನೀನೇ ಯೋಚನೆ ಮಾಡು.

ಇನ್ನು ಕೋರ್ಸ್ ವಿಚಾರ. ಆಕ್ಸ್‌ಫರ್ಡ್‌ನಲ್ಲಿ ಫಿಸಿಕ್ಸ್ ಮತ್ತು ಫಿಲಾಸಫಿ ಸೇರಿಸಿ 4 ವರ್ಷದ ಒಂದೇ ಕೋರ್ಸ್ ಇದೆ. ನಮ್ಮ ರಾಜ್ಯದಲ್ಲಿ 2021ರಲ್ಲಿ 4 ವರ್ಷದ ಡಿಗ್ರಿಯ ಹೊಸ ಪದ್ಧತಿ ಬಂದಾಗ ಬೇರೆ ವಿಭಾಗದ ಒಂದು ಪೇಪರ್ ತಗೊಳ್ಳೋಕೆ ಓಪನ್ ಎಲೆಕ್ಟಿವ್ ಅಂತ ಬಾಗಿಲು ತೆರೆದಿತ್ತು. 2024ರಲ್ಲಿ ಮತ್ತೆ 3 ವರ್ಷದ ಡಿಗ್ರಿ ಆಯಿತು. ನಿಯಮ ಹೀಗೆ ಬದಲಾಗುತ್ತಾ ಇರುವಾಗ ಅದನ್ನ ಕಾಯುತ್ತಾ ಕೂರಬೇಡ. ನನ್ನ ದಾರಿ ಸುಲಭ ಇತ್ತು: ಬಿಎಸ್ಸಿ ನೆಟ್ಟಗೆ ಮುಗಿಸು, ಆಮೇಲೆ ಎಂಎ. ಇಗ್ನೋದ ಎಂಎ ತತ್ವಶಾಸ್ತ್ರಕ್ಕೆ ಯಾವ ವಿಷಯದ ಡಿಗ್ರಿ ಆದರೂ ನಡೆಯುತ್ತೆ.

ಚಿಕ್ಕಮಲ್ಲಿಗವಾಡ ರಸ್ತೆ:
ಎಲ್ಲರೂ ಹೂಂ ಹೂಂ ಅನ್ನುತ್ತಿದ್ದೀರಿ, ನಾನು ಸ್ವಲ್ಪ ಉಲ್ಟಾ ಹೇಳ್ತೇನೆ. ನಾನು ಫಿಸಿಕ್ಸ್‌ನಲ್ಲಿ ಸಂಶೋಧನೆ ಮಾಡುವವನು. ನನ್ನ ಲ್ಯಾಬಿನಲ್ಲಿ ತತ್ವಶಾಸ್ತ್ರ ಒಂದು ದಿನವೂ ಕೆಲಸಕ್ಕೆ ಬಂದಿಲ್ಲ. ಬಂದದ್ದು ಲೀನಿಯರ್ ಆಲ್ಜಿಬ್ರಾ, ಸ್ಟ್ಯಾಟಿಸ್ಟಿಕ್ಸ್ ಮತ್ತು ಸೋಲ್ಡರಿಂಗ್. ಮೊದಲ ವರ್ಷದ ಹುಡುಗ ಕ್ವಾಂಟಮ್ ಅಂದರೆ ಏನೂ ಗೊತ್ತಿಲ್ಲದೆ ಕ್ವಾಂಟಮ್‌ನ ತತ್ವ ಅಂತ ಶುರು ಮಾಡುತ್ತಾನೆ, ಎರಡನೇ ವರ್ಷ ಮ್ಯಾಥ್ಸ್‌ನಲ್ಲಿ ಬ್ಯಾಕ್ ಉಳಿಸಿಕೊಳ್ಳುತ್ತಾನೆ. ಇಂಥವರನ್ನು ನೋಡಿದ್ದೇನೆ. ಓದು ಅರ್ಧಕ್ಕೆ ನಿಂತವರಿಗೆ ತತ್ವಶಾಸ್ತ್ರ ಒಳ್ಳೆಯ ನೆಪ.

ಆಮೇಲೆ ಬೇಕಾದರೆ ದಾರಿ ಇದೆ. ಗೇಟ್ ಪರೀಕ್ಷೆಯಲ್ಲಿ 2021ರಿಂದ ಮಾನವಿಕ ವಿಷಯಗಳ ಪೇಪರ್ ಇದೆ, ಅದರಲ್ಲಿ ತತ್ವಶಾಸ್ತ್ರ ಒಂದು ಭಾಗ. ಬೆಂಗಳೂರಿನಲ್ಲಿ ಐಐಎಸ್‌ಸಿ ಆವರಣದೊಳಗೆ ನಿಯಾಸ್ ಅಂತ ಸಂಸ್ಥೆ ಇದೆ, 1988ರದ್ದು. ಅಲ್ಲಿ ವಿಜ್ಞಾನದವರೂ ತತ್ವಶಾಸ್ತ್ರದವರೂ ಒಂದೇ ಕಟ್ಟಡದಲ್ಲಿ ಕೂರುತ್ತಾರೆ. ಆದರೆ ಮೊದಲು ಡಿಫರೆನ್ಷಿಯಲ್ ಈಕ್ವೇಶನ್ ಕಲಿ.

ಗದಗ ಮೇಷ್ಟ್ರು:
ನಾನು ಗದಗದಲ್ಲಿ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿ ರಿಟೈರ್ ಆದವನು. ಹುಡುಗರು ಜಿ ಬೆಲೆ 980 ಮಾಡಿ ತಂದು ಕೊಟ್ಟ ಜರ್ನಲ್ ಎಷ್ಟು ಸಾವಿರಕ್ಕೆ ಸಹಿ ಹಾಕಿದ್ದೇನೋ ಲೆಕ್ಕ ಇಟ್ಟಿಲ್ಲ. ಗೊತ್ತಿದ್ದೇ ಹಾಕಿದ್ದೇನೆ. 40 ಹುಡುಗರಿಗೂ 980.0 ಬಂದರೆ ಅದು ಪ್ರಯೋಗ ಅಲ್ಲ, ಪ್ರಾರ್ಥನೆ. ಹಾಗಾಗಿ ತಮ್ಮಾ, ತಪ್ಪಿನಲ್ಲಿ ನನ್ನಂಥವರ ಪಾಲೂ ಇದೆ.

ಲ್ಯಾಬಿನಲ್ಲಿ ತತ್ವಶಾಸ್ತ್ರ ಕೆಲಸಕ್ಕೆ ಬಂದಿಲ್ಲ ಅಂದವರ ಮಾತು ಅರ್ಧ ಒಪ್ಪುತ್ತೇನೆ. ಉಳಿದ ಅರ್ಧಕ್ಕೆ ಒಂದು ಕಥೆ.

ಯುರೇನಸ್ ಗ್ರಹ ನ್ಯೂಟನ್ ಲೆಕ್ಕದ ಪ್ರಕಾರ ಹೋಗುತ್ತಿರಲಿಲ್ಲ. ಎಲ್ಲಿರಬೇಕೋ ಅಲ್ಲಿಂದ ಸ್ವಲ್ಪ ಆಚೆ ಈಚೆ. ಲೆಕ್ಕ ತಪ್ಪು ಬಂದರೆ ಸಿದ್ಧಾಂತ ಬಿಡಬೇಕು ಅನ್ನೋದಾದರೆ ಅವತ್ತೇ ನ್ಯೂಟನ್‌ನನ್ನು ಮೂಲೆಗೆ ಇಡಬೇಕಿತ್ತು. ಫ್ರಾನ್ಸಿನ ಲ ವೆರಿಯೆ ಹಾಗೆ ಮಾಡಲಿಲ್ಲ. ಆಚೆ ಇನ್ನೊಂದು ಗ್ರಹ ಇರಬೇಕು, ಅದು ಎಳೆಯುತ್ತಿದೆ ಅಂದ. ಎಲ್ಲಿದೆ ಅಂತಲೂ ಲೆಕ್ಕ ಹಾಕಿ ಬರ್ಲಿನ್‌ಗೆ ಕಾಗದ ಬರೆದ. 1846ರಲ್ಲಿ ಅಲ್ಲಿಯವರು ದೂರದರ್ಶಕ ತಿರುಗಿಸಿದರೆ ಹೇಳಿದ ಜಾಗದಿಂದ ಒಂದು ಡಿಗ್ರಿ ಒಳಗೇ ನೆಪ್ಚೂನ್ ಸಿಕ್ಕಿತು!

ಅದೇ ಮನುಷ್ಯ ಮುಂದೆ ಬುಧನನ್ನು ಹಿಡಿದ. ಬುಧನ ಕಕ್ಷೆಯೂ ಲೆಕ್ಕಕ್ಕೆ ಕೂರುತ್ತಿರಲಿಲ್ಲ, ನೂರು ವರ್ಷಕ್ಕೆ ಸುಮಾರು 43 ಸೆಕೆಂಡ್ ಕೋನದಷ್ಟು (ಒಂದು ಡಿಗ್ರಿಯ 3600ನೇ ಭಾಗ ಒಂದು ಸೆಕೆಂಡ್) ಹೆಚ್ಚು ತಿರುಗುತ್ತಿತ್ತು. ಹಳೇ ಮದ್ದನ್ನೇ ಹಾಕಿದ: ಒಳಗಡೆ ಇನ್ನೊಂದು ಗ್ರಹ ಇದೆ ಅಂತ. ಅದಕ್ಕೆ ವಲ್ಕನ್ ಅಂತ ಹೆಸರೂ ಬಿತ್ತು. ಎಷ್ಟೋ ಜನ ಹುಡುಕಿದರು, ಸಿಗಲಿಲ್ಲ, ಯಾಕೆಂದರೆ ಇರಲೇ ಇಲ್ಲ. 1915ರಲ್ಲಿ ಐನ್‌ಸ್ಟೈನ್ ಹೊಸ ಗುರುತ್ವ ಸಿದ್ಧಾಂತದಿಂದ ಆ 43 ಅನ್ನು ಲೆಕ್ಕ ಹಾಕಿ ತೋರಿಸಿದ. ಈ ಸಲ ನ್ಯೂಟನ್‌ನ ಲೆಕ್ಕವೇ ಸಾಲದಾಗಿತ್ತು.

ಒಂದೇ ಮನುಷ್ಯ, ಒಂದೇ ಬುದ್ಧಿ, ಒಂದು ಕಡೆ ಗೆದ್ದ, ಇನ್ನೊಂದು ಕಡೆ ಸೋತ. ಮೊದಲೇ ನಿಂತು ನೋಡಿದರೆ ಎರಡಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಸಿದ್ಧಾಂತವನ್ನು ಸುಳ್ಳು ಮಾಡೋಕೆ ಅವಕಾಶ ಇದ್ದರೆ ಮಾತ್ರ ಅದು ವಿಜ್ಞಾನ ಅಂತ ತತ್ವಜ್ಞಾನಿ ಪಾಪ್ಪರ್ 1934ರಲ್ಲಿ ಬರೆದ. ಕೇಳೋಕೆ ಚೆಂದ. ಯುರೇನಸ್ ಮುಂದೆ ಇಟ್ಟು ನೋಡಿದರೆ ಅಷ್ಟು ಸರಳ ಇಲ್ಲ ಅಂತ ತಿಳಿಯುತ್ತೆ. ನಾನು ಇದನ್ನು 30 ವರ್ಷ ಕಲಿಸಿದ ಮೇಲೆ ಓದಿದೆ, ಮೊದಲೇ ಓದಿದ್ದರೆ ಬೇರೆ ಥರ ಕಲಿಸುತ್ತಿದ್ದೆ.

ಈಗ ನಿನ್ನ 964. ಅದು ನಿನ್ನ ಯುರೇನಸ್. ಗುಮಾನಿ ಮೂರು ಜನರ ಮೇಲೆ. ಒಂದು, ಸ್ಟಾಪ್‌ವಾಚ್ ಒತ್ತಿದ ಬೆರಳು. 0.3 ಸೆಕೆಂಡು ತಡ ಆಗೋದು ದೊಡ್ಡ ಮಾತಲ್ಲ, ಅಷ್ಟೇ ಸಾಕು 16 ವ್ಯತ್ಯಾಸ ಬರೋಕೆ. ಎರಡು, ದಾರದ ಅಳತೆ. ಮೂರು, ನ್ಯೂಟನ್. ಮೂರನೆಯವನನ್ನು ಸದ್ಯಕ್ಕೆ ಬಿಡು. ಬೆರಳಿನ ತಪ್ಪು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಬೀಳುತ್ತದೆ. ಅಳತೆಯ ತಪ್ಪು ಹಾಗಲ್ಲ, ಪ್ರತಿ ಸಲ ಒಂದೇ ಕಡೆಗೆ ಎಳೆಯುತ್ತದೆ. ಆದ್ದರಿಂದ ಒಂದೇ ಉದ್ದಕ್ಕೆ ನಿಲ್ಲಬೇಡ. 60, 70, 80, 90, 100 ಸೆಂಟಿಮೀಟರಿಗೆ ರೀಡಿಂಗ್ ತಗೋ. ಒಂದೊಂದಕ್ಕೂ ಮೂರು ಸಲ. ಉದ್ದ ಅಡ್ಡಕ್ಕೆ, ಕಾಲದ ವರ್ಗ ಮೇಲಕ್ಕೆ ಇಟ್ಟು ಗ್ರಾಫ್ ಹಾಕು. ಗೆರೆಯನ್ನು ಹಿಂದಕ್ಕೆ ಎಳೆದುಕೊಂಡು ಹೋಗು. ಸೊನ್ನೆಯ ಮೇಲೆ ಹೋಗುತ್ತೋ ಇಲ್ಲವೋ ನೋಡಿ ಹೇಳು. ನಾನು ಉತ್ತರ ಹೇಳೋದಿಲ್ಲ. ಮತ್ತೆ ಹಿಂದಿನಿಂದ ಲೆಕ್ಕ ಹಾಕುತ್ತೀ.

ಕಣಾದನ ಮೊಮ್ಮಗ:
ಕೆಲಗೇರಿ ಅಕ್ಕಾರಿಗೆ: ತ್ರ್ಯಣುಕದ ವಿಷಯ ನನಗೆ ಗೊತ್ತಿರಲಿಲ್ಲ. ಓದ್ತೇನೆ. ಎಲ್ಲಿಂದ ಶುರು ಮಾಡಬೇಕು?

ಕೆಲಗೇರಿ ಕೆರೆ:
ಮೈಸೂರಿನ ಹಿರಿಯಣ್ಣನವರು ಭಾರತೀಯ ತತ್ವಶಾಸ್ತ್ರದ ಬಗ್ಗೆ 1932ರಲ್ಲಿ ಇಂಗ್ಲಿಷ್‌ನಲ್ಲಿ ಬರೆದ ಪುಸ್ತಕ ಹಿಡಿಯಿರಿ ಅಣ್ಣಾ, ಅದರಲ್ಲಿ ನ್ಯಾಯ ವೈಶೇಷಿಕ ಅಧ್ಯಾಯ. ಕಣ್ಣಿಗೆ ಕಂಡದ್ದನ್ನೇ ನಂಬುವ ಚಾರ್ವಾಕರದ್ದನ್ನೂ ಬಿಡಬೇಡಿ. ಹೊಗೆ ಬೆಂಕಿ ಯಾವಾಗಲೂ ಜೊತೆಗಿರುತ್ತವೆ ಅಂತ ಎಲ್ಲ ಹೊಗೆ ನೋಡಿ ಬಂದಿದ್ದೀರಾ ಅಂತ ಕೇಳಿದವರು ಅವರು. 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್ ಇದಕ್ಕೆ ಹತ್ತಿರದ ಪ್ರಶ್ನೆಯನ್ನೇ ಬೇರೆ ದಾರಿಯಲ್ಲಿ ಬಂದು ಕೇಳಿದ.

ಕುಮದ್ವತಿ ದಂಡೆ:
ಮೂರು ವಾರ ಆಯಿತು, ಕ್ಷಮಿಸಿ. ಲ್ಯಾಬ್ ಖಾಲಿ ಇರುವ ಹೊತ್ತು ಸಿಗಲಿಲ್ಲ. ಅಟೆಂಡರ್ ಕಾಕಾನಿಗೆ ಚಹಾ ಕುಡಿಸಿ ಶನಿವಾರ ಮಧ್ಯಾಹ್ನ ಒಳಗೆ ಹೋದೆ. ಖೋಲಿಯ ಗೆಳೆಯನೂ ಬಂದ, ಅವನು ಎಣಿಸಿದ, ನಾನು ವಾಚ್ ಒತ್ತಿದೆ.

ಮೇಷ್ಟ್ರೇ, ಗೆರೆ ಸೊನ್ನೆಯ ಮೇಲೆ ಹೋಗಲಿಲ್ಲ. ಉದ್ದದ ಗೆರೆಯನ್ನು ಸೊನ್ನೆಗಿಂತ ಹಿಂದೆ, ಮೈನಸ್ 1.3 ಸೆಂಟಿಮೀಟರ್ ಹತ್ತಿರ ಕಡಿಯಿತು. ಅರ್ಧ ಗಂಟೆ ಏನೂ ಹೊಳೆಯಲಿಲ್ಲ. ಆಮೇಲೆ ವರ್ನಿಯರ್ ತಗೊಂಡು ಗುಂಡನ್ನು ಅಳೆದೆ: ಅಡ್ಡಗಲ 2.54. ಅರ್ಧ ಮಾಡಿದರೆ 1.27. ನಾನು ದಾರವನ್ನು ಗುಂಡಿನ ತಲೆಯವರೆಗೆ ಮಾತ್ರ ಅಳೆದಿದ್ದೆ! ಗುಂಡಿನ ಮಧ್ಯದವರೆಗೆ ಅಳೆಯಬೇಕಿತ್ತು. ಪಿಯುಸಿಯಲ್ಲಿ ಹೇಳಿದ್ದರು, ಬರೆದುಕೊಂಡಿದ್ದೆ, ಮರೆತಿದ್ದೆ. ಗ್ರಾಫಿನ ಇಳಿಜಾರಿನಿಂದ ಜಿ ತೆಗೆದರೆ 977 ಬಂತು. ಅದನ್ನ ಹಾಗೇ ಬಿಟ್ಟಿದ್ದೇನೆ, 980 ಮಾಡಿಲ್ಲ. ಕೆಲಗೇರಿ ಅಕ್ಕಾ, ದೊಡ್ಡ ಗುಂಡಿನ ಹಸಿ ಕಟ್ಟಿಗೆಯೂ ಇದೇ ಅಲ್ವಾ? ಗುಂಡು ದೊಡ್ಡದಾದರೆ ಮಧ್ಯ ಕೆಳಗೆ ಹೋಗುತ್ತೆ, ಉದ್ದ ಜಾಸ್ತಿ ಆಗುತ್ತೆ.

ನಮ್ಮ ಸರ್‌ಗೆ ಹಳೇ ಜರ್ನಲ್ ಪುಟ ತೋರಿಸಿ 35.9 ಸುಳ್ಳು ಅಂದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಹೊಸ ಗ್ರಾಫ್ ಅಂಟಿಸು ಅಂದರು. ಮಾರ್ಕ್ಸ್ ಬದಲಿಸಲಿಲ್ಲ, ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ.

ಎರಡನೇ ಡಿಗ್ರಿಗೆ ಈ ವರ್ಷ ಸೇರೋದಿಲ್ಲ. ಗುರುವಾರ ನನಗೆ ಮಧ್ಯಾಹ್ನ ಖಾಲಿ, ಗೆಳೆಯನ ತರ್ಕಶಾಸ್ತ್ರದ ಕ್ಲಾಸಿನಲ್ಲಿ ಕೂರೋಕೆ ಅಲ್ಲಿಯ ಸರ್ ಒಪ್ಪಿದ್ದಾರೆ, ಅಟೆಂಡೆನ್ಸ್ ಇಲ್ಲ, ಪರೀಕ್ಷೆಯೂ ಇಲ್ಲ. ಅಪ್ಪನಿಗೆ ಪಿಸಿಎಂ ಬಿಡೋದಿಲ್ಲ ಅಂತ ಹೇಳಿದೆ, ಸಮಾಧಾನ ಆದರು. ಡಿಫರೆನ್ಷಿಯಲ್ ಈಕ್ವೇಶನ್ ಪುಸ್ತಕವನ್ನೂ ಲೈಬ್ರರಿಯಿಂದ ತಂದಿದ್ದೇನೆ ಅಣ್ಣಾ, ಬೈಬೇಡಿ.

ಗೆಳೆಯ ಮಾತ್ರ ಬಿಡುತ್ತಿಲ್ಲ. ಗುಂಡಿನ ಮಧ್ಯದವರೆಗೇ ಅಳೆಯಬೇಕು ಅಂತ ಯಾರು ಹೇಳಿದ್ದು ಅಂತ ಕೇಳುತ್ತಿದ್ದಾನೆ.

ಗದಗ ಮೇಷ್ಟ್ರು:
ಭೇಷ್. ಗೆಳೆಯನ ಪ್ರಶ್ನೆ ಸರಿ ಇದೆ. ಪೂರ್ತಿ ಲೆಕ್ಕ ಹಾಕಿದರೆ ಮಧ್ಯಕ್ಕಿಂತ ಚೂರು ಕೆಳಗೆ ಬರಬೇಕು. ನಿನ್ನ ಗುಂಡಿಗೆ, 80 ಸೆಂಟಿಮೀಟರ್ ದಾರಕ್ಕೆ, ಆ ಚೂರು ಸೆಂಟಿಮೀಟರಿನ ನೂರನೇ ಒಂದು ಭಾಗವೂ ಇಲ್ಲ, ನಿನ್ನ ಸ್ಕೇಲಿಗೆ ಸಿಗೋದಿಲ್ಲ. ಜಡತ್ವ ಭ್ರಮಣಾಂಕ (ಮೊಮೆಂಟ್ ಆಫ್ ಇನರ್ಷಿಯಾ) ಪಾಠ ಆದ ಮೇಲೆ ನೀನೇ ತೆಗೆ, ಅವನಿಗೆ ತೋರಿಸು.

ಮಂಡಕ್ಕಿ ಮಿರ್ಚಿ:
ಸರ್, ಹಾಗಾದರೆ ನನ್ನ 1084?

ಗದಗ ಮೇಷ್ಟ್ರು:
ಗುಂಡು ಬಿಡುವಾಗಲೇ "ಒಂದು" ಅಂತ ಎಣಿಸಿರಬೇಕು. ಸೊನ್ನೆಯಿಂದ ಶುರು ಮಾಡಬೇಕಿತ್ತು. ನೀವು 20 ಅಂದುಕೊಂಡದ್ದು 19. ಲೆಕ್ಕ ಹಾಕಿ ನೋಡಿ, 1084ರ ಹತ್ತಿರವೇ ಬರುತ್ತದೆ.

ಮಂಡಕ್ಕಿ ಮಿರ್ಚಿ:
ಹಾಕಿದೆ. ಬಂತು. ಎಂಟು ವರ್ಷದಿಂದ ಭೂಮಿಯನ್ನು ಬೈಯುತ್ತಿದ್ದೆ ಸರ್.